ಸಮುದ್ರದಲ್ಲಿ ಕಾಡು ಕಡಿದವರ ಬಿನ್ನಹ

ಗಡಿಯಾಚೆಯ ವ್ಯಾಪಾರವನ್ನೆಲ್ಲ ಹಸಿರಾಗಿಡುವ ಹೊಣೆ ಹೊತ್ತು, ಸರಕಿನ ಸರಪಳಿಯ ಕೊಂಡಿ ಕೊಂಡಿಯನ್ನೂ ಹಗಲಿರುಳು ಕಾಯುತ್ತಿರುವ, ನಿದ್ದೆ ನೀರಡಿಕೆಗಳಿಲ್ಲದ ಗಣಕವ್ಯವಸ್ಥೆಯವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ಯೋಗಕ್ಷೇಮ. ತಮಗೆ ನೆಗಡಿ ಬರುವುದಿಲ್ಲ, ಸೊಂಟ ಹಿಡಿಯುವುದಿಲ್ಲ, ಮನೆಗೆ ನೆಂಟರು ಬಂದು ವಾರಗಟ್ಟಲೆ ಕೂರುವುದಿಲ್ಲ ಎಂಬುದು ಗೊತ್ತಿದ್ದರೂ, ತಮ್ಮ ತಂತಿಗಳು ಗಟ್ಟಿಯಾಗಿಯೂ, ತಮ್ಮನ್ನಿಟ್ಟ ಕೋಣೆ ತಣ್ಣಗಾಗಿಯೂ, ಆಕಾಶದಲ್ಲಿ ಸುತ್ತುತ್ತ ಭೂಮಿಯನ್ನು ನೋಡುವ ತಮ್ಮ ಕಣ್ಣುಗಳು ನಿಚ್ಚಳವಾಗಿಯೂ ಇರಲೆಂದು ಮರದ ಬಾಚಣಿಗೆ ಮಾಡುವ ನಮ್ಮ ಮನೆಮಂದಿಯೆಲ್ಲ ಹಾರೈಸುತ್ತೇವೆ. ಕೊನೆಯ ಹಾರೈಕೆಯನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇವೆ. ಕಾರಣ ಮುಂದೆ ತಿಳಿಯುತ್ತದೆ.

ನಾನು ಬಾಚಣಿಗೆಗೆ ಹೊಳಪು ಕೊಡುವವನು. ತಲೆಯಲ್ಲಿ ಕೂದಲಿಲ್ಲ, ಆದ್ದರಿಂದ ನಮ್ಮ ಮಾಲಿನ ಬಗ್ಗೆ ನಾನು ಹೇಳುವುದರಲ್ಲಿ ಸ್ವಾರ್ಥವಿಲ್ಲವೆಂದು ತಾವು ನಂಬಬಹುದು. ಕಾರ್ಖಾನೆ ನನ್ನ ಅಕ್ಕನದು. ಕಾರ್ಖಾನೆ ಎಂದ ಕೂಡಲೇ ತಾವು ಚಿಮಣಿ, ಗೇಟು, ಸೈರನ್ನು ಅಂದುಕೊಳ್ಳಬಾರದು. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಬೀದಿಯ ಕಡೆಗೆ ಒಂದು ದೊಡ್ಡ ಕಿಟಕಿ, ಮೂಲೆಯಲ್ಲಿ ಎಷ್ಟು ಗುಡಿಸಿದರೂ ಮತ್ತೆ ಹುಟ್ಟುವ ಮರದ ಹೊಟ್ಟು, ಇಷ್ಟೇ. ಭಾವ ಮರ ತಂದು ಕೊಯ್ದು ಕೊಡುತ್ತಾನೆ. ನಾವೆಲ್ಲ 'ಹಲ್ಲಿನವಳು' ಎಂದು ಕರೆಯುವ ಒಬ್ಬ ಹೆಂಗಸು ಆ ಕಿಟಕಿಯ ಪಕ್ಕ ಕೂತು, ಕೂದಲೆಳೆಯಂಥ ಗರಗಸದಿಂದ ಬಾಚಣಿಗೆಗೆ ಹಲ್ಲು ಕೊಯ್ಯುತ್ತಾಳೆ. ನಾನು ಉಪ್ಪುಕಾಗದ ಹಿಡಿದು ಉಜ್ಜುತ್ತೇನೆ. ಅಕ್ಕನ ಸೊಸೆ ಡಬ್ಬಿಗೆ ತುಂಬಿ, ಕಂಪ್ಯೂಟರಿನ ಮುಂದೆ ಕೂತು ದೇಶದೇಶಗಳಿಗೆ ಪತ್ರ ಬರೆಯುತ್ತಾಳೆ. ಅಕ್ಕ ಎಲ್ಲರನ್ನೂ ಬೈಯುತ್ತಾಳೆ. ಅದು ನಿಂತರೆ ಕೆಲಸವೂ ನಿಲ್ಲುತ್ತದೆ.

ಇನ್ನು ನಮ್ಮ ಮರದ ವಿಚಾರ, ತಾವು ಬಹಳ ಕಾಳಜಿಯಿಂದ ಕೇಳಿದ್ದು. ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳು ಬರುವಾಗ ಅವು ಹೊರಳಾಡದಂತೆ ಕೆಳಗೂ ಪಕ್ಕಕ್ಕೂ ಗಟ್ಟಿಮರದ ತುಂಡುಗಳನ್ನು ಒತ್ತು ಕೊಟ್ಟಿರುತ್ತಾರೆ. ಯಂತ್ರ ಇಳಿದ ಮೇಲೆ ಆ ಒತ್ತುಮರವನ್ನು ಕೇಳುವವರಿಲ್ಲ. ಹಡಗು ಬಂದರಿನ ಹೊರಗೆ ಹೋಗಿ, ಮುಂದಿನ ಸರಕಿನ ಕರೆ ಬರುವವರೆಗೆ ಲಂಗರು ಹಾಕಿ ನಿಲ್ಲುತ್ತದೆ. ಆಗ ಹಡಗಿನವರು ಹೊಟ್ಟೆ ಗುಡಿಸುತ್ತಾರೆ. ನಮ್ಮ ಭಾವ ದೋಣಿ ತಗೊಂಡು ಹೋಗಿ ಕೆಳಗೆ ನಿಂತು ಕೂಗುತ್ತಾನೆ, ಅವರು ಮೇಲಿನಿಂದ ಹಗ್ಗ ಕಟ್ಟಿ ಮರ ಇಳಿಸುತ್ತಾರೆ. ಅವನು ಕೂಗುವುದು ಒಂದು ಭಾಷೆ, ಅವರು ಬೈಯುವುದು ಇನ್ನೊಂದು ಭಾಷೆ, ಇಳಿಯುವುದು ಮಾತ್ರ ಮರವೇ. ಅಪ್ಪನ ಕಾಲದಿಂದ ಹೀಗೇ ನಡೆದಿದೆ. ನಾವು ಒಂದು ಮರವನ್ನೂ ಕಡಿದವರಲ್ಲ; ಬೆಂಕಿಗೋ ನೀರಿಗೋ ಬೀಳಬೇಕಾದ ಮರವನ್ನು ಜನರ ತಲೆಗೆ ಏರಿಸಿದವರು.

ಹೀಗಿರುವಾಗ, ನಮ್ಮ ಬಾಚಣಿಗೆಯನ್ನು ಕೊಳ್ಳುವ ಚಳಿದೇಶದ ಅಂಗಡಿಯವರು, ಇನ್ನು ಮುಂದೆ ಮಾನ್ಯರಾದ ತಮ್ಮ ಜಾಲತಾಣದಲ್ಲಿ ಹೆಸರು ಬರೆಸಿ, ತಮ್ಮಿಂದ ಹಸಿರೆಲೆಯ ಗುರುತು ಪಡೆದವರ ಮಾಲನ್ನಷ್ಟೇ ಕೊಳ್ಳುವುದೆಂದು ಬರೆದರು. ನಮಗೆ ಖುಷಿಯೇ ಆಯಿತು. ಮದುಮಗನ ಕಡೆಯವರು ಮನೆ ನೋಡಲು ಬಂದಂತೆ ನಾವೆಲ್ಲ ಕೈಕಾಲು ತೊಳೆದು ಸೊಸೆಯ ಹಿಂದೆ ನಿಂತೆವು. ತಾವು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಚಕಚಕನೆ ಉತ್ತರ ಕೊಟ್ಟಳು. ಆಮೇಲೆ ತಾವು ನಕ್ಷೆ ತೋರಿಸಿ, 'ತಮ್ಮ ಮರ ಬರುವ ಜಾಗದ ನಾಲ್ಕು ಮೂಲೆಗಳನ್ನು ಗುರುತಿಸಿ' ಎಂದಿರಿ.

ಅಲ್ಲಿ ಸೊಸೆಯ ಬೆರಳು ನಿಂತಿತು. ಹಡಗು ಹತ್ತು ದೇಶ ತಿರುಗಿದ್ದು, ತುಂಡು ಯಾವ ದೇಶದ್ದೋ, ಮರ ಯಾವ ಬೆಟ್ಟದ್ದೋ, ಅದನ್ನು ನೆಟ್ಟ ಹಕ್ಕಿ ಯಾವುದೋ. "ಗೊತ್ತಿಲ್ಲ ಅಂತ ಬರೆಯೋಕೆ ಜಾಗ ಇಲ್ಲ ಅತ್ತೆ, ಮೂಲೆ ಇಡದೇ ಮುಂದಕ್ಕೆ ಬಿಡಲ್ಲ ಇದು," ಎಂದಳು ಸೊಸೆ. "ಎಲ್ಲಾದ್ರೂ ಒಂದು ಕಡೆ ಒತ್ತಮ್ಮ, ಅದೇನು ಬಂದು ನೋಡತ್ತಾ?" ಎಂದ ಭಾವ. ಅಕ್ಕ ಅವನನ್ನು ಹೇಗೆ ನೋಡಿದಳೆಂದರೆ, ಅವನು ಎದ್ದು ಹೋಗಿ ಒಣಗಿದ್ದ ದೋಣಿಯ ಹಗ್ಗವನ್ನೇ ಮತ್ತೆ ಒಣಹಾಕಿದ. "ಮಾಲಿನ ವಿಷಯದಲ್ಲಿ ನಮ್ಮಪ್ಪ ಸುಳ್ಳು ಹೇಳಲಿಲ್ಲ, ನಾನೂ ಹೇಳಲ್ಲ. ಮರ ನಮ್ಮ ಕೈಗೆ ಎಲ್ಲಿ ಬಂತೋ ಅಲ್ಲೇ ಗುರುತು ಹಾಕು," ಎಂದಳು.

ನಮ್ಮ ಕೈಗೆ ಮರ ಬರುವುದು ನೀರಿನ ಮೇಲೆ. ಸೊಸೆ, ಹಡಗುಗಳು ಲಂಗರು ಹಾಕುವ ಜಾಗ ಹುಡುಕಿ, ನಡುಸಮುದ್ರದಲ್ಲಿ ನಾಲ್ಕು ಮೂಲೆ ಇಟ್ಟಳು.

ಮಾನ್ಯರೇ, ಆಗ ತಾವು ತೋರಿದ ದೊಡ್ಡತನವನ್ನು ಏನೆಂದು ಹೊಗಳಲಿ? ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನರ ನಡುವೆ ಬೆಳೆದವನು ನಾನು. ತಾವಾದರೋ ಅವರನ್ನೂ ಮೀರಿಸಿ, ಕರುವಿಗೆ ಕೊರಳಗಂಟೆಯನ್ನೂ ಕಟ್ಟಿದಿರಿ. ನೀರಿನ ಮೇಲೆ ಕಾಡು ಹೇಗೆ ಎಂದು ಒಂದು ಮಾತೂ ಕೇಳಲಿಲ್ಲ. 'ತಮ್ಮ ಜಾಗದಲ್ಲಿ ದಟ್ಟ ಹಸಿರು ಹೊದಿಕೆ ಕಂಡುಬಂದಿದೆ, ಅಭಿನಂದನೆಗಳು' ಎಂದು ಎಲೆಯ ಗುರುತು ಕಳಿಸಿದಿರಿ. ನಾವು ಬೆಪ್ಪಾಗಿ ನೋಡುತ್ತಿದ್ದಾಗ ಭಾವನೇ ಒಗಟು ಬಿಡಿಸಿದ. ಆ ದಿನಗಳಲ್ಲಿ ಅಲ್ಲಿ ಒಂದು ಭಾರೀ ಹಡಗು ನಿಂತಿತ್ತು, ಅದರ ಮೇಲಿನ ಅಟ್ಟಕ್ಕೆಲ್ಲ ಹಸಿರು ಬಣ್ಣ ಬಳಿದಿದ್ದರು. ಆಕಾಶದ ಮೇಲಿನ ತಮ್ಮ ಕಣ್ಣಿಗೆ ಅದು ಕಾಡಾಗಿ ಕಂಡಿತ್ತು. ಆ ಕಾಡಿನಲ್ಲಿ ನಾವಿಕರು ಬನಿಯನ್ನು ಒಣಹಾಕಿದ್ದರು. ಅದನ್ನು ತಾವು ಬೆಳ್ಳಕ್ಕಿ ಎಂದು ಬರೆದುಕೊಂಡಿರಬಹುದು.

ಅಕ್ಕ ಆಗಲೇ ತಿದ್ದಬೇಕೆಂದಳು. ಸೊಸೆ ತಮ್ಮ ದೂರುಪೆಟ್ಟಿಗೆ ತೆರೆದರೆ ಅಲ್ಲಿ ಮೂರೇ ದೂರುಗಳಿಗೆ ಅವಕಾಶ: 'ಗುಪ್ತಪದ ಮರೆತಿದ್ದೇನೆ', 'ಎಲೆಯ ಗುರುತು ಚಿಕ್ಕದಾಗಿದೆ', 'ಧನ್ಯವಾದ ಹೇಳಬೇಕಾಗಿದೆ'. ಮೂರರಲ್ಲಿ ಯಾವುದೂ ನಮ್ಮ ದೂರಲ್ಲ. ಅವಳು ಬೇರೆ ದಾರಿಯಿಲ್ಲದೆ ಧನ್ಯವಾದ ಒತ್ತಿದಳು. ತಾವು 'ಸಂತೋಷ' ಎಂದಿರಿ.

ಹಡಗಿನ ಸ್ವಭಾವ ತಮಗೆ ತಿಳಿಯದ್ದೇನಲ್ಲ, ಹೋಗುವುದು. ಸರಕಿನ ಕರೆ ಬಂತು, ಹಸಿರು ಹಡಗು ಲಂಗರು ಎತ್ತಿ ಹೋಯಿತು. ತಮ್ಮ ಕಣ್ಣು ಮತ್ತೊಂದು ಸುತ್ತು ಬಂದಾಗ ಅಲ್ಲಿ ನೀಲಿ ನೀರು. ಕೂಡಲೇ ನಮಗೆ ಕೆಂಪು ಅಕ್ಷರದಲ್ಲಿ ಬರೆದಿರಿ: 'ತಮ್ಮ ಜಾಗದಲ್ಲಿ ತೀವ್ರಗತಿಯ ಅರಣ್ಯನಾಶ ಪತ್ತೆಯಾಗಿದೆ.' ದಾರಿಯಲ್ಲಿದ್ದ ನಮ್ಮ ಬಾಚಣಿಗೆಗಳನ್ನು ಚಳಿದೇಶದ ಬಂದರಿನಲ್ಲಿ ತಡೆದು ನಿಲ್ಲಿಸಿದಿರಿ. ಅಂಗಡಿಯವರು ಬಹಳ ನೊಂದುಕೊಂಡು, ತಿಂಗಳ ಕೊನೆಯೊಳಗೆ ಎಲೆಯ ಗುರುತು ಮರಳದಿದ್ದರೆ ಬಾಚಣಿಗೆಯ ಕೆಲಸವನ್ನು ನಮ್ಮ ಬೀದಿಯಲ್ಲೇ ಎದುರಿಗಿರುವ ಪ್ಲಾಸ್ಟಿಕ್ ಕಾರ್ಖಾನೆಗೆ ಕೊಡುವುದಾಗಿ ತಿಳಿಸಿದರು. ಅವರ ಗೇಟಿನ ಮೇಲೆ ತಾವು ಕೊಟ್ಟ ಎಲೆ ಇದೆ, ಕುದುರೆಯಷ್ಟು ದೊಡ್ಡದು. ಅವರು ಮರ ಕಡಿಯುತ್ತಾರೆಯೇ ಎಂದು ತಾವು ಕೇಳಿದಿರಿ, ಇಲ್ಲ ಎಂದರು, ಸತ್ಯವೇ. ಹೊಗೆಯ ಲೆಕ್ಕ ಬೇರೆ ಯಂತ್ರದ್ದಂತೆ. ಆ ಯಂತ್ರ ಇನ್ನೂ ಬಂದಿಲ್ಲವಂತೆ.

ಇಲ್ಲಿ ಹಲ್ಲಿನವಳ ಮಾತು ಸ್ವಲ್ಪ ಹೇಳಬೇಕು. ಅವಳು ಮೊದಲು ಆ ಎದುರಿನ ಕಾರ್ಖಾನೆಯಲ್ಲೇ ಇದ್ದವಳು. ಕುದಿಯುವ ಅಚ್ಚಿನಿಂದ ಬಾಚಣಿಗೆ ಬಿಡಿಸುವ ಕೆಲಸ. ಕಿಟಕಿಯಿಲ್ಲದ ಕೋಣೆ, ಮೂಗಿಗೆ ಕಟ್ಟಿದ ಬಟ್ಟೆ ಮಧ್ಯಾಹ್ನದೊಳಗೆ ಕಪ್ಪಾಗುತ್ತಿತ್ತು. ಕೆಮ್ಮು ಹತ್ತಿ ನೆಲಕ್ಕೆ ಬಿದ್ದಾಗ ವೈದ್ಯರು, ಇನ್ನು ಆ ಹೊಗೆಗೆ ಕಾಲಿಟ್ಟರೆ ಆಸ್ಪತ್ರೆಗೆ ಬರುವುದೇ ಬೇಡ, ಬಂದು ಪ್ರಯೋಜನವಿಲ್ಲ ಎಂದಿದ್ದರು. ಅಕ್ಕ ಕರೆತಂದು ಕಿಟಕಿಯ ಪಕ್ಕ ಕೂರಿಸಿದಳು. ಆ ಜಾಗದಲ್ಲಿ ಬೇರೆ ಯಾರಾದರೂ ಕೂತರೆ ಅಕ್ಕ ಪೊರಕೆ ಎತ್ತುತ್ತಾಳೆ. ನಮ್ಮ ಕೆಲಸ ಹೋದರೆ ಭಾವ ಮೀನು ಹಿಡಿದಾನು, ನಾನು ಯಾರದೋ ಮೇಜು ಉಜ್ಜೇನು. ಹಲ್ಲು ಕೊಯ್ಯುವುದು ಬಿಟ್ಟು ಬೇರೇನೂ ಬಾರದ ಅವಳಿಗೆ ಉಳಿಯುವುದು ಬೀದಿ ದಾಟುವ ದಾರಿ ಒಂದೇ.

ಸುದ್ದಿ ಹಬ್ಬಿದ ಮರುದಿನವೇ ಎದುರಿನ ಕಾರ್ಖಾನೆಯ ಮೇಸ್ತ್ರಿ ನಮ್ಮ ಕಿಟಕಿಯ ಹೊರಗೆ ಬಂದು ನಿಂತ. "ಏನಮ್ಮಾ ಹಲ್ಲಿನವಳೇ, ಯಾವಾಗ ಬರ್ತೀಯ? ನಿನ್ನ ಜಾಗ ಇನ್ನೂ ಬಿಸಿಯಾಗೇ ಇದೆ," ಎಂದ. ಅವಳು ಗರಗಸದಿಂದ ಕಣ್ಣೆತ್ತದೆ, "ನಿನ್ನ ಬಾಯಿ ಅದಕ್ಕಿಂತ ಬಿಸಿ ಇದೆ ಅಣ್ಣಾ, ಹೋಗಿ ನೀರು ಕುಡಿ," ಎಂದಳು. ಅವನು ನಕ್ಕುಕೊಂಡು ಹೋದ. ಅವಳ ಕೈಯಲ್ಲಿದ್ದ ಬಾಚಣಿಗೆಯ ಒಂದು ಹಲ್ಲು ಮುರಿದಿತ್ತು. ಅವಳ ಕೈಯಲ್ಲಿ ಹಲ್ಲು ಮುರಿದದ್ದನ್ನು ನಾನು ಅದೇ ಮೊದಲು ಕಂಡದ್ದು.

ಆದರೆ ತಾವು ನ್ಯಾಯವಂತರು, ವಿಚಾರಣೆಯಿಲ್ಲದೆ ಶಿಕ್ಷಿಸುವವರಲ್ಲ. ನಾಶವಾದ ಕಾಡನ್ನು ಕಣ್ಣಾರೆ ನೋಡಿ ಬರಲು ಒಬ್ಬ ಪರಿಶೀಲಕರನ್ನು ಕಳಿಸಿದಿರಿ. ಪಾಪ, ಒಳ್ಳೆಯ ಮನುಷ್ಯ. ಮುಳ್ಳು ಚುಚ್ಚದ ದಪ್ಪ ಬೂಟು, ಮರದ ಸುತ್ತಳತೆ ನೋಡುವ ಪಟ್ಟಿ, ಹಾವು ಕಚ್ಚಿದರೆ ಹಚ್ಚುವ ಔಷಧ, ಎಲ್ಲ ಹಿಡಿದುಕೊಂಡು ಬಂದಿದ್ದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವರು ತಲೆಯಾಡಿಸಿ, "ಎಲ್ಲ ಸರಿ ಅಮ್ಮಾ, ಆದರೆ ನಾನು ಆ ಜಾಗದ ನಡುವೆ ನಿಂತು ಫೋಟೋ ತೆಗೀದೇ ಇದ್ರೆ ಈ ಫೋನು ನನ್ನ ಹಾಜರಿ ಹಾಕಲ್ಲ," ಎಂದರು. ಭಾವ ದೋಣಿ ಬಿಚ್ಚಿದ; ಜೊತೆಗೆ ನಾನೂ ಹತ್ತಿದೆ.

ಅಲೆ ಜೋರಿತ್ತು. ಪರಿಶೀಲಕರು ಬೆಳಗಿನ ತಿಂಡಿಯನ್ನು ಮೀನುಗಳಿಗೆ ದಾನ ಮಾಡುತ್ತಿದ್ದ ಹೊತ್ತಿಗೆ ಅವರ ಕೈಯಲ್ಲಿದ್ದ ಫೋನು, 'ತಾವು ನಿಗದಿತ ಸ್ಥಳದಲ್ಲಿಲ್ಲ, ದಯವಿಟ್ಟು ಸ್ವಲ್ಪ ಮುಂದಕ್ಕೆ ನಡೆಯಿರಿ' ಎಂದಿತು. "ನಡೀರಿ ಸಾರ್, ಮೇಲಿನವರೇ ಹೇಳ್ತಿದ್ದಾರಲ್ಲ," ಎಂದ ಭಾವ. "ಸುಮ್ನಿರಪ್ಪಾ, ಜೀವ ಹೋಗ್ತಿದೆ," ಎಂದರು ಅವರು. ಕೊನೆಗೂ ನಡುಜಾಗ ಸಿಕ್ಕಿತು. ನಾಲ್ಕು ದಿಕ್ಕಿಗೂ ಫೋಟೋ ತೆಗೆದರು. ನಾಲ್ಕೂ ಒಂದೇ ಫೋಟೋ. ನಿಂತಿರುವ ಮರಗಳೆಷ್ಟು ಎಂದು ತಾವು ಕೇಳಿದಿರಿ. ಅವರು ಸೊನ್ನೆ ಒತ್ತಿದರು. 'ಸಂಪೂರ್ಣ ನಾಶ ದೃಢಪಟ್ಟಿದೆ' ಎಂದಿರಿ. ಕಾರಣ ಕೇಳಿ ಬೆಂಕಿ, ಕೊಡಲಿ, ಹುಳುಬಾಧೆ, ಪ್ರವಾಹ ಎಂಬ ನಾಲ್ಕನ್ನು ಮುಂದಿಟ್ಟಿರಿ. ಆ ಪ್ರಾಮಾಣಿಕ ಮನುಷ್ಯ ಸುತ್ತಲೂ ಒಮ್ಮೆ ನೋಡಿ ಪ್ರವಾಹ ಒತ್ತಿದರು. ತಾವು ಕನಿಕರಪಟ್ಟು, ನೀರು ಇಳಿದ ಕೂಡಲೇ ಅಲ್ಲಿ ಸಸಿ ನೆಡಬೇಕೆಂದು ನಮಗೆ ಆಜ್ಞೆ ಮಾಡಿದಿರಿ.

ಆಜ್ಞೆ ಶಿರಸಾವಹಿಸಿದ್ದೇವೆ. ಸಮುದ್ರದ ನೀರು ಇಳಿಯುವ ತಾರೀಕನ್ನು ತಾವೇ ತಿಳಿಸಿದರೆ ಗುದ್ದಲಿ ಹಿಡಿದು ಮುಂಜಾನೆಯೇ ಹಾಜರಾಗುತ್ತೇವೆ. ಅದು ತಡವಾಗುವುದಾದರೆ, ಲೋಕದ ಹಡಗುಗಳಿಗೆಲ್ಲ ಹಸಿರು ಬಣ್ಣ ಬಳಿಯಬೇಕೆಂದೂ, ಒಮ್ಮೆ ನಿಂತ ಹಡಗು ಬೇರು ಬಿಟ್ಟು ಅಲ್ಲೇ ನಿಲ್ಲಬೇಕೆಂದೂ ಒಂದು ಕಾಯಿದೆ ಮಾಡಬಹುದು. ವ್ಯಾಪಾರ ನಿಂತುಹೋಗುತ್ತದೆ, ನಿಜ; ಆದರೆ ವ್ಯಾಪಾರವೇ ಇಲ್ಲದ ಮೇಲೆ ಅದಕ್ಕಿಂತ ಹಸಿರಾದ ವ್ಯಾಪಾರ ಎಲ್ಲಿದೆ? ಹಾಗೆಯೇ ಮುಂದಿನ ಪರಿಶೀಲಕರಿಗೆ ಬೂಟಿನ ಬದಲು ಈಜು ಕಲಿಸಿ ಕಳಿಸಬೇಕಾಗಿ ವಿನಂತಿ.

ದಡಕ್ಕೆ ಬಂದ ಮೇಲೆ ಪರಿಶೀಲಕರು ನಮ್ಮ ಕೋಣೆಯಲ್ಲಿ ಕೂತು ಚಹಾ ಕುಡಿದರು. ಮುಖಕ್ಕೆ ಕಳೆ ಮರಳಿದ ಮೇಲೆ ಅಕ್ಕನನ್ನು ಹತ್ತಿರ ಕರೆದು, "ಒಂದು ಮಾತು ಹೇಳ್ತೀನಿ, ನಾನು ಹೇಳಿದೆ ಅನ್ಬೇಡಿ. ಹಳೇ ಗುರುತು ತೆಗೆದು ಹೊಸ ಜಾಗ ಹಾಕೋಕೆ ಅವಕಾಶ ಇದೆ. ಎಲ್ಲಾದ್ರೂ ಹಸಿರು ಕಾಣೋ ಕಡೆ ನಾಲ್ಕು ಮೂಲೆ ಇಟ್ಬಿಡಿ. ಅದು ನಿಮ್ಮದಾ ಅಂತ ಇದು ಕೇಳಲ್ಲ," ಎಂದರು. ಅಕ್ಕ, "ನಮ್ಮದಲ್ಲದ ಮರ ನಮ್ಮದು ಅನ್ನೋದು ಕಳ್ಳತನ ಸಾರ್. ಕಡಿದು ಮಾಡಿದರೂ ಅಷ್ಟೇ, ಕಡಿಯದೇ ಮಾಡಿದರೂ ಅಷ್ಟೇ," ಎಂದಳು. ಅವರು ಇನ್ನೊಂದು ಲೋಟ ಚಹಾ ಕೇಳಿದರು. ಅವರ ಹೆಸರನ್ನು ನಾವು ಕೇಳಿಲ್ಲ, ಅವರೂ ಹೇಳಿಲ್ಲ. ತಾವು ಹುಡುಕುವ ಶ್ರಮ ತೆಗೆದುಕೊಳ್ಳಬಾರದು.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜ ತನ್ನ ಪಟ್ಟಣದೊಳಗೆ ಕಳ್ಳರು ಬರಬಾರದೆಂದು ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದನಂತೆ. ಅವನು ಬಂದವರನ್ನೆಲ್ಲ 'ನೀನು ಕಳ್ಳನೇ?' ಎಂದು ಕೇಳುವನು, ಅಲ್ಲ ಎಂದವರನ್ನು ಕೈಮುಗಿದು ಒಳಗೆ ಬಿಡುವನು. ಒಬ್ಬ ಮುದುಕ ಮಾತ್ರ ಯೋಚಿಸಿ, ಹುಡುಗನಿದ್ದಾಗ ಪಕ್ಕದ ಮನೆಯ ಬೆಲ್ಲ ಕದ್ದಿದ್ದೆ ಎಂದನಂತೆ. ಅವನನ್ನು ಸೆರೆಮನೆಗೆ ಹಾಕಿದರು. ಬೆಳಗಾಗುವುದರೊಳಗೆ ಪಟ್ಟಣವೆಲ್ಲ ಲೂಟಿಯಾಗಿ, ಅರಮನೆಯ ಕಂಬವೂ ಉಳಿಯದೆ, ಪಟ್ಟಣದಲ್ಲಿ ಭದ್ರವಾಗಿದ್ದದ್ದು ಆ ಮುದುಕ ಒಬ್ಬನೇ. ಅಜ್ಜಿ ತಮ್ಮನ್ನು ನೋಡಿರಲಿಲ್ಲ. ಆದರೂ ಕಥೆಯಲ್ಲಿ ತಮ್ಮ ಹೋಲಿಕೆ ಅಲ್ಲಲ್ಲಿ ಬಂದಿದೆ.

ತಿಂಗಳ ಕೊನೆ ಹತ್ತಿರ ಬಂತು. ಒಂದು ಸಂಜೆ ಹಲ್ಲಿನವಳು ಗರಗಸಕ್ಕೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಅಕ್ಕನ ಮುಂದಿಟ್ಟಳು. "ನಾಳೆಯಿಂದ ಎದುರಿಗೆ ಹೋಗ್ತೀನಿ ಅಕ್ಕಾ. ಮೇಸ್ತ್ರಿಗೆ ಹೇಳಿ ಬಂದಿದ್ದೀನಿ," ಎಂದಳು. "ಹುಚ್ಚು ಹಿಡಿದಿದೆಯೇನೇ ನಿಂಗೆ?" ಎಂದಳು ಅಕ್ಕ. "ಇಲ್ಲಿ ಕೆಲಸ ಎಲ್ಲಿದೆ? ನಿಮ್ಮ ಮುಖ ನೋಡ್ಕೊಂಡು ಕೂತರೆ ಹೊಟ್ಟೆ ತುಂಬುತ್ತಾ? ನೋಡುವಂಥ ಮುಖವಾಗಿದ್ರೆ ಅದು ಬೇರೆ ಮಾತು," ಎಂದು ನಗಲು ಹೋದಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಕಿಟಕಿಯ ಸರಳು ಹಿಡಿದು ಬಾಗಿದಳು. ಸೊಸೆ ನೀರು ತಂದಳು, ಕುಡಿಯಲಾಗಲಿಲ್ಲ.

ಅಕ್ಕ ಆ ಗರಗಸವನ್ನು ಬಿಚ್ಚಿ ಅವಳ ಮಣೆಯ ಮೇಲೆ ಮತ್ತೆ ಇಟ್ಟಳು. ಆಮೇಲೆ ಸೊಸೆಯ ಕಡೆ ತಿರುಗಿ, "ಆ ಯಂತ್ರ ತೆಗಿ. ಹಸಿರು ಎಲ್ಲಿದೆ ಹುಡುಕು," ಎಂದಳು.

ಸೊಸೆ ಹುಡುಕಿದಳು. ಯಾರೂ ಕಡಿಯದಂಥ, ಯಾರೂ ಸಂಶಯಪಡದಂಥ ಒಂದು ಹಸಿರು ತುಂಡು ದೂರದಲ್ಲಿ ಸಿಕ್ಕಿತು. ಮೂಲೆಗಳನ್ನು ತಾನೇ ಒತ್ತುತ್ತೇನೆಂದು ಅಕ್ಕ ಹಠ ಹಿಡಿದಳು, ಬೇರೆಯವರ ಬೆರಳಿಗೆ ಪಾಪ ಬೇಡವೆಂದು. ಒತ್ತಿದಳು. ಮಾನ್ಯರೇ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ತಮ್ಮ ವಿಷಯದಲ್ಲಿ ಅದು ಉಲ್ಟಾ. ನಿಜ ಹೇಳಿ ವಾರಗಟ್ಟಲೆ ಅಂಗಲಾಚಿದ್ದಕ್ಕೆ ಕೆಂಪು ಅಕ್ಷರ, ಸುಳ್ಳು ಹೇಳಿ ಕಣ್ಣು ಮಿಟುಕಿಸುವುದರೊಳಗೆ ಹಸಿರೆಲೆ. ಒಂದಲ್ಲ, ಮೂರು ಎಲೆ! 'ತಾವು ಪಾರದರ್ಶಕತೆಗೆ ಮಾದರಿ' ಎಂಬ ಪ್ರಶಸ್ತಿಪತ್ರ ಬೇರೆ. ತಡೆದಿದ್ದ ಬಾಚಣಿಗೆ ಬಿಟ್ಟಿರಿ, ಅಂಗಡಿಯವರು ಕ್ಷಮೆ ಕೇಳಿ ಇನ್ನಷ್ಟು ಬೇಕೆಂದರು, ಹಲ್ಲಿನವಳು ಕಿಟಕಿಯ ಪಕ್ಕ ಕೂತು ಕೊಯ್ಯುತ್ತಿದ್ದಾಳೆ. ಮೇಸ್ತ್ರಿ ಬಂದು ಇಣುಕಿದರೆ ಅವನ ಮೀಸೆಗೊಂದು ಚಿಕ್ಕ ಬಾಚಣಿಗೆ ಮಾಡಿಕೊಡುತ್ತೇನೆ ಎನ್ನುತ್ತಾಳೆ.

ಅಕ್ಕ ಮಾತ್ರ ಯಾರನ್ನೂ ಬೈಯುತ್ತಿಲ್ಲ. ಪ್ರಶಸ್ತಿಪತ್ರವನ್ನು ಗೋಡೆಗೆ ಹಾಕೋಣವೇ ಎಂದು ಭಾವ ಕೇಳಿದರೂ ಬೈಯಲಿಲ್ಲ. ಮೊನ್ನೆ ನನ್ನನ್ನು ಕರೆದು, "ಯಂತ್ರಕ್ಕೆ ಸುಳ್ಳು ಹೇಳಿದ್ದಾಯ್ತು. ಮನುಷ್ಯರಿಗೆ ಹೇಳೋದು ಬೇಡ. ನಡೆದದ್ದು ನಡೆದ ಹಾಗೆ ಬರಿ, ಎಲ್ಲರೂ ಓದೋ ಹಾಗೆ ಬರಿ," ಎಂದಳು. ಬರೆದಿದ್ದೇನೆ. ತಾವು ಚೌಕದೊಳಗಿನ ಗುರುತುಗಳನ್ನಷ್ಟೇ ಓದುತ್ತೀರಿ, ಪತ್ರ ಓದುವುದಿಲ್ಲ ಎಂಬ ಧೈರ್ಯ ನಮಗಿದೆ. ಅಕಸ್ಮಾತ್ತಾಗಿ ತಮ್ಮ ಹಿಂದೆ ಎಲ್ಲಾದರೂ ಒಬ್ಬ ಮನುಷ್ಯರಿದ್ದು, ಅವರ ಕಣ್ಣಿಗೆ ಇದು ಬಿದ್ದರೆ, ನಾವು ಇಷ್ಟು ದಿನ ಹುಡುಕುತ್ತಿದ್ದದ್ದು ಅವರನ್ನೇ. ಅವರಲ್ಲಿ ಒಂದೇ ಬೇಡಿಕೆ: ಆ ನಾಲ್ಕು ಮೂಲೆಗಳ ಕೆಳಗೆ, ಇದ್ದದ್ದನ್ನು ಇದ್ದಂತೆ ಬರೆಯಲು ಒಂದು ಗೆರೆಯಷ್ಟು ಜಾಗ ಬಿಡಿಸಿ ಕೊಡಿ. ಅಕ್ಕ ಮತ್ತೆ ನಮ್ಮನ್ನು ಬೈಯುವಂತಾಗಲಿ.

ತಮ್ಮ ಮೂರೆಲೆಯ ಕೃಪೆಯಿಂದ ಈಗಷ್ಟೇ ನಂಬಿಕಸ್ಥನಾಗಿರುವ,
ತಮ್ಮ ವಿಶ್ವಾಸಿ,
ಬಾಚಣಿಗೆಗೆ ಹೊಳಪು ಕೊಡುವವನು

ಮರೆತ ಮಾತು: ಅಕ್ಕ ಗುರುತು ಹಾಕಿದ ಆ ಹಸಿರು ತುಂಡು ಬೇರೆಲ್ಲೂ ಇಲ್ಲ, ತಮ್ಮ ಪ್ರಧಾನ ಕಚೇರಿಯ ಹಿಂದಿನ ತೋಟ. ತಮ್ಮ ಕಣ್ಣು ಈಗ ತಮ್ಮ ಹಿತ್ತಿಲನ್ನೇ ಕಾಯುತ್ತಿದೆ. ಆದ್ದರಿಂದ ಅಲ್ಲಿನ ಮಾಲಿ ಒಂದು ಕೊಂಬೆಯನ್ನೂ ಸವರದಂತೆ ನೋಡಿಕೊಳ್ಳಬೇಕಾಗಿ ಕೋರಿಕೆ. ಇನ್ನೂ ಒಂದು ವಿಷಯ ಸೊಸೆ ನಿನ್ನೆ ತಾನೇ ಹೇಳಿದಳು: ತಮ್ಮದೂ ಚಳಿದೇಶವಂತೆ, ಚಳಿ ಶುರುವಾದರೆ ಅಲ್ಲಿನ ಮರಗಳು ಒಂದೆಲೆಯೂ ಉಳಿಯದಂತೆ ಉದುರಿಸಿಬಿಡುತ್ತವಂತೆ. ಅಂದು ತಾವು ನಮ್ಮನ್ನು ಮತ್ತೆ ಹಿಡಿಯುತ್ತೀರಿ, ಹಲ್ಲಿನವಳು ಮತ್ತೆ ಗರಗಸ ಸುತ್ತುತ್ತಾಳೆ. ಆ ಮನುಷ್ಯರು ಯಾರಾದರೂ ಇದ್ದರೆ, ದಯವಿಟ್ಟು, ಎಲೆ ಉದುರುವ ಮೊದಲು ಓದಿ.